ಕಿಟಕಿಯಲ್ಲಿಟ್ಟ ಹೂಜಿ

ಮೊನ್ನೆ ಚಿತ್ತಾಪುರದ ಸಂತೆಯಿಂದ ಒಂದು ಹೊಸ ಹೂಜಿ ತಂದೆ. ಮನೆಯಲ್ಲಿ ಫ್ರಿಜ್ ಇರುವಾಗ ಇದ್ಯಾಕೆ ಎಂದು ಸೊಸೆ ನಕ್ಕಳು. ಮೊದಲ ಸಲ ನೀರು ತುಂಬಿದಾಗ ಸುಟ್ಟ ಮಣ್ಣಿನ ವಾಸನೆ ಎದ್ದಿತು ನೋಡಿ, ನಮ್ಮ ಇಂಗ್ಲಿಷ್ ಸರ್ ನೆನಪಾದರು. ನೆನಪಾದರು ಅನ್ನುವುದೂ ಸುಳ್ಳೇ. ಮರೆತಿದ್ದರೆ ತಾನೇ...

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಒಂದೆರಡು ವರ್ಷ ಕಳೆದಿತ್ತು. ಸರ್ ಮೈಸೂರು ಕಡೆಯವರು, ವರ್ಗವಾಗಿ ನಮ್ಮ ಕಾಲೇಜಿಗೆ ಬಂದಿದ್ದರು. ಇಲ್ಲಿನ ಬಿಸಿಲು, ಜೋಳದ ರೊಟ್ಟಿ, ನಮ್ಮ ಮಾತು ಯಾವುದೂ ಅವರಿಗೆ ಒಗ್ಗಿರಲಿಲ್ಲ, ಆದರೂ ಗೊಣಗಿದವರಲ್ಲ. ಆ ವರ್ಷ ಪಿಯುಸಿಯ ಇಂಗ್ಲಿಷಿನಲ್ಲಿ ನಾವು ನಾಲ್ವರು ಡುಮ್ಕಿ ಹೊಡೆದೆವು. ರಜೆ ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಇತ್ತು. ಅದರಲ್ಲೂ ಹೋದರೆ ರಾವೂರಿನ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಕೈಗೆ ಹಾರೆ ಕೊಡುತ್ತೇನೆ ಎಂದು ಅಪ್ಪ ಹೇಳಿಬಿಟ್ಟಿದ್ದ.

ರಜೆಯ ಹಿಂದಿನ ದಿನ ಸರ್ ನಾಲ್ವರನ್ನೂ ಬೇವಿನ ಮರದ ಕೆಳಗೆ ಕರೆದರು. ಅವರ ಜೇಬಿನಲ್ಲಿ ಊರಿನಿಂದ ಬಂದ ಕಾಗದವಿತ್ತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಅವರಿಗೆ ಹೆಣ್ಣು ಮಗು ಹುಟ್ಟಿತ್ತು, ಹೆಂಡತಿ ತವರಿನಲ್ಲಿದ್ದರು.

"ನೀವು ಬರೋದಾದ್ರೆ ರಜಾ ಪೂರ್ತಿ ಇಲ್ಲೇ ಇದ್ದು ಕ್ಲಾಸ್ ತಗೋತೀನಿ. ಬರೋಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಊರಿಗೆ ಹೋಗಿ ಮಗು ನೋಡ್ತೀನಿ" ಎಂದರು.

ನಮ್ಮಲ್ಲಿ ದೊಡ್ಡವರ ಮುಖಕ್ಕೆ ಒಲ್ಲೆ ಅನ್ನುವುದು ಸೊಕ್ಕು. ಊಟಕ್ಕೆ, ಕೆಲಸಕ್ಕೆ, ಮದುವೆಗೆ, ಯಾವುದಕ್ಕೆ ಕರೆದರೂ ಮೊದಲು ಹೂಂ ಅನ್ನಬೇಕು. ಹೋಗುವುದು ಬಿಡುವುದು ಆಮೇಲಿನ ಮಾತು. ಕರೆದವರಿಗೂ ಅದು ಗೊತ್ತು, ಯಾರೂ ದಾರಿ ಕಾಯುವುದಿಲ್ಲ. ಸರ್‌ಗೆ ಮಾತ್ರ ಗೊತ್ತಿರಲಿಲ್ಲ.

ಎಲುಬಿಲ್ಲದ ನಾಲಿಗೆ, ಮೊದಲು ಆಡಿದ್ದು ನನ್ನದೇ. "ಹೂಂನ್ರಿ ಸರ್, ಬರ್ತೀವ್ರಿ." ಉಳಿದ ಮೂವರೂ ತಲೆಯಾಡಿಸಿದರು.

ಮನೆಗೆ ಬಂದು ಎರಡು ದಿನ ಹೋಗಲೋ ಬೇಡವೋ ಎಂದು ತೂಗಿದೆ. ಆ ಬಿಸಿಲಿನಲ್ಲಿ ದಿನಾ ಬಸ್ಸು ಹತ್ತಬೇಕು. ಸೇಡಂನಲ್ಲಿ ಅತ್ತೆಯ ಮಗಳ ಮದುವೆ ಬೇರೆ. ಗೈಡ್ ಓದಿದರೆ ಪಾಸಾಗದೆ ಏನು? ಆ ಮೂವರು ಹೇಗೂ ಹೋಗುತ್ತಾರೆ, ಸರ್ ಒಬ್ಬರೇ ಕೂರುವುದಿಲ್ಲ ಅಂದುಕೊಂಡು ಸುಮ್ಮನಾದೆ. ಆ ಮೂವರೂ ಹೀಗೇ ಅಂದುಕೊಂಡಿದ್ದರೆಂದು ಆಮೇಲೆ ತಿಳಿಯಿತು.

ಹದಿನೈದು ದಿನ ಕಳೆದ ಮೇಲೆ ಸೇಡಂನ ಮದುವೆಗೆ ಹೊರಟ ನಮ್ಮ ಬಸ್ಸು ಕಾಲೇಜಿನ ಮುಂದೆ ನಿಂತಿತು. ತೆರೆದ ಕಿಟಕಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಹೊಸ ಹೂಜಿ, ಪಕ್ಕದಲ್ಲಿ ಬೋರಲು ಹಾಕಿದ ನಾಲ್ಕು ಗ್ಲಾಸು. ಬೋರ್ಡಿನ ತುಂಬ ಪಾಠ ಬರೆದಿತ್ತು. ಸರ್ ಕುರ್ಚಿಯಲ್ಲಿ ಕುಳಿತು ಬಾಗಿಲ ಕಡೆ ನೋಡುತ್ತಿದ್ದರು. ನಾನು ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿದವನು ಬಸ್ಸು ಬಿಡುವವರೆಗೂ ತಲೆ ಎತ್ತಲಿಲ್ಲ. ಇಳಿದು ಹೋಗಿ ನಿಜ ಹೇಳಬಹುದಿತ್ತು. ಮದುವೆಯ ಹೊಸ ಅಂಗಿಯಲ್ಲಿ ಯಾವ ಮುಖ ತೋರಿಸಲಿ ಅನ್ನಿಸಿತು...

ಅದಾದ ಮೂರನೆಯ ದಿನ, ಮಗುವಿಗೆ ಜೋರು ಕಾಯಿಲೆಯೆಂದು ಅವರಿಗೆ ತಂತಿ ಬಂತಂತೆ. ವಾಡಿಗೆ ಓಡಿ ರೈಲು ಹಿಡಿದು, ಗುಂತಕಲ್ಲಿನಲ್ಲೊಮ್ಮೆ ಬೆಂಗಳೂರಿನಲ್ಲೊಮ್ಮೆ ಗಾಡಿ ಬದಲಿಸಿ ಊರು ಮುಟ್ಟುವಷ್ಟರಲ್ಲಿ ಮಗುವನ್ನು ಮಣ್ಣು ಮಾಡಿಯಾಗಿತ್ತು. ಜೂನ್‌ನಲ್ಲಿ ಕಾಲೇಜು ಶುರುವಾದಾಗ ಜವಾನ ಇದನ್ನೆಲ್ಲ ಹೇಳಿದ.

"ದಿನಾ ತಾವೇ ಹೂಜಿ ತುಂಬತಿದ್ರಪಾ. ನಾ ತುಂಬ್ತೀನಿ ಬಿಡ್ರಿ ಅಂದ್ರ ಕೇಳ್ತಿದ್ದಿಲ್ಲ. ಹುಡುಗ್ರು ಬಿಸಲಾಗ ಬರ್ತಾರ ಅಂತಿದ್ರು."

ಬೈಯಲಿ, ಹೊಡೆಯಲಿ ಎಂದುಕೊಂಡು ಸರ್ ಎದುರು ಹೋಗಿ ನಿಂತೆ. ಅವರು ದನಿ ಕೂಡ ಏರಿಸಲಿಲ್ಲ.

"ಒಬ್ಬನಾದ್ರೂ ಬರೋಲ್ಲ ಅಂದಿದ್ರೆ ಸಾಕಿತ್ತು ಕಣಪ್ಪ. ಮಗು ಮುಖ ನೋಡ್ತಿದ್ದೆ."

ಆಗಲೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಹೂಂನ್ರಿ ಸರ್."

ಆ ವರ್ಷವೇ ಅವರು ವರ್ಗ ಮಾಡಿಸಿಕೊಂಡು ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಧೈರ್ಯವಾಗಲಿಲ್ಲ. ಇಂಗ್ಲಿಷ್ ಮತ್ತೆ ಹೋಯಿತು. ಅಪ್ಪ ಹೇಳಿದಂತೆ ಹಾರೆ ಹಿಡಿದೆ, ಜೀವಮಾನವೆಲ್ಲ ಗಣಿಯಲ್ಲೇ ಕಳೆಯಿತು. ಅದರ ಬಗ್ಗೆ ನನ್ನದೇನೂ ದೂರಿಲ್ಲ.

ಸರ್ ಈಗ ಬದುಕಿರಲಾರರು. ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಕಿಟಕಿಯಲ್ಲಿಟ್ಟಿದ್ದೇನೆ. ಮನೆಯಲ್ಲಿ ಯಾರೂ ಅದರ ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಎದ್ದು ಹಳೆಯ ನೀರು ಚೆಲ್ಲಿ ಮತ್ತೆ ತುಂಬುತ್ತೇನೆ.