ಅವ್ವನ ಬ್ಯಾನರ್

ಡಿಸೈನ್ ಓದುವವರ ಹಣೆಬರಹವೇ ಇಷ್ಟು. ನಂಟರಲ್ಲಿ ಮದುವೆಯಾದರೆ ಲಗ್ನಪತ್ರಿಕೆಗೆ, ಬಿಲ್ಡಿಂಗಿನಲ್ಲಿ ಗಣಪತಿ ಕೂತರೆ ಪೋಸ್ಟರಿಗೆ, ಯಾರಾದರೂ ತೀರಿಕೊಂಡರೆ ಶ್ರದ್ಧಾಂಜಲಿಯ ಬ್ಯಾನರಿಗೆ ನಾವೇ ಬೇಕು. ಸಯನ್ ಸ್ಟೇಷನ್ ಹತ್ತಿರದ ನಮ್ಮ ಬಿಲ್ಡಿಂಗಿನವರಿಗೆ ಇದನ್ನೆಲ್ಲ ಬೈದುಕೊಳ್ಳುತ್ತಲೇ ಮಾಡಿಕೊಡುತ್ತಿದ್ದವಳು ನಾನು. ಸರಕಾರಿ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ಡಿಸೈನಿನ ಕೊನೆಯ ವರ್ಷದಲ್ಲಿದ್ದಾಗ ನನ್ನ ಅವ್ವ ಹೋದಳು. ಎದೆನೋವು ಅಂದವಳು ಆಸ್ಪತ್ರೆ ಮುಟ್ಟಲಿಲ್ಲ.

ಮರುದಿನವೇ ಎದುರು ಮನೆಯ ಕಾಕಾ ಬಂದರು. ನಮ್ಮ ಹಾಗೇ ವಿಜಯಪುರದ ಕಡೆಯವರು. ಬಿಲ್ಡಿಂಗಿನಲ್ಲಿ ಸಾವು ನೋವು ಏನೇ ಆದರೂ ಉಸ್ತುವಾರಿ ಅವರದೇ.

"ತಂಗಿ, ಗೇಟಿಗೆ ಬ್ಯಾನರ್ ಹಾಕಬೇಕವಾ. ಬ್ಯಾರೇದವ್ರಿಗೆ ಯಾಕ ಕೊಡೂದು? ನೀನ ಮಾಡು," ಎಂದರು.

ಸಿಟ್ಟು ನೆತ್ತಿಗೇರಿತು. ಆದರೆ ಅಂಗಡಿಯವರಿಗೆ ಕೊಟ್ಟರೆ ಅವ್ವನ ಮುಖಕ್ಕೆ ಬಿಳಿ ಬಳಿದು, ಸುತ್ತ ಗುಲಾಬಿ ಸುರಿದು, ಬೇರೆ ಯಾರನ್ನೋ ಮಾಡಿಡುತ್ತಾರೆ. ಗೇಟಿನಲ್ಲಿ ಕಾಣುವವಳು ನನ್ನ ಅವ್ವನೇ ಆಗಿರಬೇಕಿತ್ತು. ನಾನೇ ಕೂತೆ.

ಫೋಟೋ ಎಲ್ಲಿಂದ ತರುವುದು? ಅವ್ವ ಕ್ಯಾಮೆರಾ ಕಂಡರೆ ಅಡುಗೆಮನೆ ಸೇರುವವಳು. ಆಧಾರ್ ಕಾರ್ಡಿನಲ್ಲಿ ಪೊಲೀಸರು ಹಿಡಿದು ತಂದವಳ ಹಾಗೆ ಕೂತಿದ್ದಳು. ಕೊನೆಗೆ ನನ್ನ ಮೊಬೈಲಿನಲ್ಲಿ ಒಂದೇ ಒಂದು ಸಿಕ್ಕಿತು. ಕಾಲೇಜಿನ ಪ್ರದರ್ಶನ ನೋಡಲು ಬಂದಿದ್ದಾಗ ಗೆಳತಿ ತೆಗೆದದ್ದು. ನನ್ನ ಪೋಸ್ಟರಿನ ಮುಂದೆ, ನನ್ನ ಹೆಗಲ ಮೇಲೆ ಕೈ ಹಾಕಿ, ನನ್ನತ್ತ ತಿರುಗಿ, ಉಬ್ಬುಹಲ್ಲು ಮುಚ್ಚಿಕೊಳ್ಳುವುದನ್ನೂ ಮರೆತು ನಗುತ್ತಿದ್ದಳು. "ಇಷ್ಟೆಲ್ಲಾ ನೀನ ಮಾಡಿಯೇನ?" ಎಂದು ಕೇಳಿದ ಗಳಿಗೆ ಅದು.

ಕಾಕಾನಿಗೆ ತೋರಿಸಿದೆ.

"ಫೋಟೋ ಛಲೋ ಐತಿ. ಆದರ ನೀ ಅದರಾಗ ಇರಬಾರದು. ಜೀವ ಇದ್ದವ್ರದು ಒಂದ್ ಅರಿಬಿ ಚೂರೂ ಕಾಣಬಾರದು. ಅಪಶಕುನ."

ಗೊತ್ತಿತ್ತು. ಬೇರೆಯವರ ಬ್ಯಾನರುಗಳಿಂದ ಎಷ್ಟೋ ಗಂಡಂದಿರನ್ನು, ಮೊಮ್ಮಕ್ಕಳನ್ನು ಕಣ್ಣು ಮಿಟುಕಿಸದೆ ಅಳಿಸಿದವಳು ನಾನು. ಫೋಟೋದಿಂದ ಒಬ್ಬರನ್ನೇ ಕತ್ತರಿಸಿ ತೆಗೆಯುವುದರಲ್ಲಿ ಇಡೀ ಕ್ಲಾಸಿನಲ್ಲೇ ನನಗೆ ಹೆಸರಿತ್ತು. ಈಗ ಮೌಸ್ ಹಿಡಿದು ಅವ್ವನ ಕೂದಲು, ಕಿವಿಯೋಲೆ, ಕುತ್ತಿಗೆಯ ಗುಂಟ ಇಳಿದೆ. ಮೈಬಣ್ಣ ಮುಟ್ಟಲಿಲ್ಲ. ನನ್ನ ಮುಖ ಹೋಯಿತು, ಕುರ್ತಾ ಹೋಯಿತು, ಹಿಂದಿನ ಪೋಸ್ಟರೂ ಹೋಗಿ ಬರಿ ಬಿಳಿಯಾಯಿತು. ಅವ್ವನ ಬೆರಳುಗಳು ಮಾತ್ರ ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡ ಹಾಗೆ ಉಳಿದವು. ನೋಡಲಾಗಲಿಲ್ಲ. ಆ ಕೈಯನ್ನೂ ಅಳಿಸಿದೆ. ಚಿತೆ ಹೊತ್ತಿಕೊಂಡಾಗಲೂ ಆಗದಷ್ಟು ಸಂಕಟ ಆಗ ಆಯಿತು.

ಬೈಕುಲ್ಲಾದಲ್ಲಿ ಪ್ರಿಂಟ್ ಹಾಕಿಸಿ, ಸುರುಳಿ ಸುತ್ತಿ ಲೋಕಲ್ ರೈಲಿನಲ್ಲಿ ತಂದೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಕಾಲೇಜಿನ ಪ್ರಾಜೆಕ್ಟಾ ಎಂದು ಹಿಂದಿಯಲ್ಲಿ ಕೇಳಿದಳು. ಹೌದು ಅಂದೆ.

ಸಂಜೆ ಕಾಕಾ ಅದನ್ನು ಗೇಟಿಗೆ ಕಟ್ಟಿಸಿದರು. ಅಕ್ಕಪಕ್ಕದವರು ಬಂದು ಕೈಮುಗಿದು, ಥೇಟ್ ಹಾಗೇ ಇದ್ದಾಳೆ ಅಂದರು. ಆಮೇಲೆ ಅಪ್ಪ ಕೆಳಗಿಳಿದು ಬಂದ. ಆ ಫೋಟೋವನ್ನು ಅವನು ಎಂದೂ ನೋಡಿರಲಿಲ್ಲ. ಬ್ಯಾನರಿನಲ್ಲಿ ಅವ್ವ ಎದುರಿಗೆ ನಿಂತವರತ್ತ ನೋಡದೆ, ಪಕ್ಕದ ಬರಿ ಬಿಳಿಯತ್ತ ತಿರುಗಿ ನಗುತ್ತಿದ್ದಳು. ಅಪ್ಪನೂ ಒಮ್ಮೆ ಆ ಕಡೆ ನೋಡಿದ.

"ನನ್ನ ಮುಂದ ಯಾವಾಗೂ ಹಿಂಗ ನಕ್ಕಿಲ್ಲ ನೋಡು ಅಕಿ," ಎಂದ. "ಯಾರನ್ನ ನೋಡಿ ನಗಾಕತ್ತಾಳ?"

ನನ್ನನ್ನು, ಅಪ್ಪಾ. ಅಷ್ಟು ಹೇಳಲು ಬಾಯಿ ತೆರೆದೆ. ಅಳು ಬಂದುಬಿಟ್ಟಿತು.