ಆ ಟ್ಯೂಬಿನಲ್ಲಿದ್ದದ್ದು ನನ್ನ ಉಗುಳಲ್ಲ

ಮೇಘನಾ, ತರುಣ್ — ನಿಮ್ಮಮ್ಮ ಸುಜಾತ ಸಂಶೋಧನೆ ಬಿಟ್ಟು ಬರಬೇಕಾಗಿ ಬಂದದ್ದು ಅವಳ ತಪ್ಪಿನಿಂದಲ್ಲ, ನಿಮ್ಮ ಅಜ್ಜಿಯಾದ ನನ್ನಿಂದ. ಟ್ಯೂಬು ಅದಲುಬದಲು ಮಾಡಿದೆ ಎಂದು ಅವಳು ಒಪ್ಪಿಕೊಂಡಳು. ಅವಳು ಏನನ್ನೂ ಅದಲುಬದಲು ಮಾಡಿರಲಿಲ್ಲ. ನನ್ನ ಉಗುಳು ಎಂದು ನಾನು ಅವಳ ಕೈಗೆ ಕೊಟ್ಟದ್ದು ಪಕ್ಕದ ಮನೆಯ ವೆಂಕಟಮ್ಮನದು.

ನಿಮಗೆ ಇದರ ತಲೆಬುಡ ಗೊತ್ತಿಲ್ಲ. ಮೊದಲಿನಿಂದ ಬರೆಯುತ್ತೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮಮ್ಮನಿಗಿಂತ ಮೊದಲು ನನಗೆ ಗೌರಿ ಎಂಬ ಮಗಳಿದ್ದಳು. ಅವಳ ಮೈಯಲ್ಲಿ ರಕ್ತ ಊರುತ್ತಿರಲಿಲ್ಲ. ತಿಂಗಳಿಗೊಮ್ಮೆ ಸುಗಟೂರಿನಿಂದ ಬಸ್ಸಿನಲ್ಲಿ ಕೋಲಾರದ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ರಕ್ತ ಹಾಕಿಸಿಕೊಂಡು ಬರುತ್ತಿದ್ದೆವು. ಐದು ವರ್ಷ ತುಂಬುವ ಮೊದಲೇ ಹೋದಳು. ನಿಮ್ಮ ತಾತ ನನ್ನ ಸೋದರಮಾವ, ಅಮ್ಮನ ಒಡಹುಟ್ಟಿದ ತಮ್ಮ. ಹಾಗಾಗಿ ನನ್ನ ಅತ್ತೆ ಎಂದರೆ ನನ್ನ ಸ್ವಂತ ಅಜ್ಜಿಯೇ, ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಿದವಳು. ಆದರೂ ಗೌರಿಯನ್ನು ಮಣ್ಣು ಮಾಡಿ ಬಂದ ದಿನ ಅವಳು ಎಲ್ಲರೆದುರು ಅಂದಳು: "ನಮ್ಮನೇಲಿ ಯಾರಿಗೂ ಇಲ್ಲ ಈ ಕಾಯಿಲೆ. ನಿಮ್ಮಪ್ಪನ ಕಡೆ ಕೆಟ್ಟ ರಕ್ತ ತಂದು ಮಗೂನ ತಿಂದ್ಕೊಂಡೆ."

ಅತ್ತೆ ಸತ್ತಳು, ಆಮೇಲೆ ನಿಮ್ಮ ತಾತನೂ ಹೋದರು. ಆ ಮಾತು ಮಾತ್ರ ನನ್ನೊಳಗೆ ಉಳಿಯಿತು.

ನಿಮ್ಮಮ್ಮ ಬಿಎಸ್ಸಿ ಮುಗಿಸಿದಾಗ ಬೆಂಗಳೂರಿನ ಸಂಸ್ಥೆಯವರು ಅವಳನ್ನು ಒಂದು ತರಬೇತಿಗೆ ಆರಿಸಿದರು. ಅಂಥ ಲ್ಯಾಬುಗಳ ಮೆಟ್ಟಿಲು ಹತ್ತಿದವರು ಯಾರೂ ಇಲ್ಲದ ನಮ್ಮಂಥ ಜನಗಳ ಮಕ್ಕಳನ್ನು ಹುಡುಕಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ಗೈಡ್ ಕೊಟ್ಟು, ಎರಡು ವರ್ಷ ಜೀನೋಮಿಕ್ಸ್, ಅಂದರೆ ಹೆತ್ತವರಿಂದ ಮಕ್ಕಳಿಗೆ ಇಳಿಯುವ ಜೀನುಗಳ ಸಂಶೋಧನೆ ಕಲಿಸುವ ತರಬೇತಿ ಅದು. ಚೆನ್ನಾಗಿ ಮಾಡಿದವರಿಗೆ ಅಲ್ಲಿಯೇ ಪಿಎಚ್‌ಡಿ. ಜೀನು ಎಂದರೇನು ಎಂದು ಅವಳು ನನಗೆ ರಾಗಿ ಬಿತ್ತನೆ ಇಟ್ಟುಕೊಂಡು ಹೇಳಿಕೊಟ್ಟಳು. ಅವಳು ಆರಿಸಿಕೊಂಡ ವಿಷಯ, ಸೋದರಮಾವನನ್ನು ಮದುವೆಯಾಗುವ ಊರುಗಳಲ್ಲಿ ಈ ರಕ್ತದ ಕಾಯಿಲೆ. ಯಾಕೆ ಅದನ್ನೇ ಎಂದು ನಾನು ಕೇಳಲಿಲ್ಲ. ಗೋಡೆಯ ಮೇಲೆ ಗೌರಿಯ ಫೋಟೋ ಇತ್ತು.

ಒಂದು ದಿನ ಪೆಟ್ಟಿಗೆ ತುಂಬ ಟ್ಯೂಬು ಹಿಡಿದು ಊರಿಗೆ ಬಂದಳು. ಮನೆಮನೆಗೆ ಹೋಗಿ, ಪ್ರತಿಯೊಬ್ಬರ ಎದುರು ಕೂತು, ಗೆರೆಯ ತನಕ ಉಗುಳು ತುಂಬಿಸಿಕೊಂಡಳು. ಎದುರಿಗೇ ಕೂತು ತುಂಬಿಸಬೇಕು ಎನ್ನುವುದು ಅವರ ನಿಯಮ. ನನ್ನ ಸರದಿ ಬಂದಾಗ ಬಾಯಲ್ಲಿ ಎಲೆ ಅಡಿಕೆ ಇತ್ತು.

"ಉಗಿದು ಬಾಯಿ ತೊಳ್ಕೊಳಮ್ಮ. ಅರ್ಧ ಗಂಟೆ ಏನೂ ತಿನ್ಬೇಡ, ಆಮೇಲೆ ತುಂಬ್ಸಿಡು. ನಾನು ಎದುರಿಗೆ ಕೂತ್ರೆ ನಿಂಗೆ ನಾಚಿಕೆ ಅಲ್ವಾ?" ಎಂದು ನಕ್ಕು ಡೇರಿ ಕಡೆಯ ಮನೆಗಳಿಗೆ ಹೋದಳು.

ಊರಿನವರನ್ನೆಲ್ಲ ಕಾಯ್ದವಳು ನನ್ನೊಬ್ಬಳನ್ನು ಕಾಯಲಿಲ್ಲ. ನಂಬಿದಳು.

ಅರ್ಧ ಗಂಟೆ ಟ್ಯೂಬು ಹಿಡಿದು ಕೂತೆ. ಇದರಲ್ಲಿ ಉಗಿದರೆ ಕಾಗದದ ಮೇಲೆ ಬರುತ್ತದೆ: ಗೌರಿಯನ್ನು ಕೊಂದದ್ದು ನಾನೇ ಎಂದು. ಅದನ್ನು ಓದುವವಳು ನನ್ನ ಮಗಳೇ. ಅಷ್ಟರಲ್ಲಿ ವೆಂಕಟಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಇದರಲ್ಲಿ ಸ್ವಲ್ಪ ಉಗಿದು ಕೊಡು, ನನಗೆ ಬಾಯಿ ಒಣಗಿದೆ ಎಂದೆ.

"ಏಮಿ ವದಿನಾ, ಉಗಿಯೋಕೂ ಆಳು ಬೇಕಾ ನಿಂಗೆ?" ಎಂದು, ತೆಲುಗಿನಲ್ಲಿ ನನ್ನನ್ನು ಅತ್ತಿಗೆ ಎನ್ನುತ್ತಿದ್ದ ಅವಳು ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಗೆರೆ ಮುಟ್ಟಿಸಿದಳು. ಅದು ಯಾಕೆಂದು ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ಈಗ ಅವಳೂ ಇಲ್ಲ.

ಕೆಲವು ತಿಂಗಳ ಮೇಲೆ ನಿಮ್ಮಮ್ಮ ಹೇಳದೆ ಕೇಳದೆ ಊರಿಗೆ ಬಂದಳು. ನೀರೂ ಕುಡಿಯದೆ ಕೇಳಿದಳು: "ಅಮ್ಮ, ಅವತ್ತು ಟ್ಯೂಬಲ್ಲಿ ನೀನೇ ಉಗಿದಿದ್ದಾ?"

"ಇನ್ಯಾರು ಉಗೀತಾರೆ?" ಎಂದೆ.

ವೆಂಕಟಮ್ಮನಿಂದ ಉಗಿಸಿದ್ದನ್ನು ಭಯದಲ್ಲಿ ಮಾಡಿದೆ ಎನ್ನಬಹುದು. ಈ ಎರಡು ಪದವನ್ನು ಅವಳ ಮುಖ ನೋಡಿಕೊಂಡೇ ಹೇಳಿದೆ. ಅವಳ ಬ್ಯಾಗು ಅರ್ಧ ತೆರೆದಿತ್ತು, ಒಳಗೆ ಹೊಸ ಟ್ಯೂಬು ಕಾಣುತ್ತಿತ್ತು. ಅದನ್ನು ಅವಳು ಹೊರಗೆ ತೆಗೆಯಲಿಲ್ಲ. ಜಿಪ್ಪು ಎಳೆದು, "ಹಂಗಾದ್ರೆ ನಾನೇ ಎಲ್ಲೋ ಅದಲುಬದಲು ಮಾಡಿರ್ಬೇಕು ಬಿಡು" ಅಂದಳು. ಸಂಜೆ ಬಸ್ಸಿಗೇ ಹೊರಟುಹೋದಳು.

ಗೈಡ್ ಮೇಡಂ ಎದುರು ಅದನ್ನೇ ಹೇಳಿದಳು. ಒಂದು ಟ್ಯೂಬು ತಪ್ಪಿದರೆ ಉಳಿದವನ್ನು ನಂಬುವುದು ಹೇಗೆ? ಸುಗಟೂರಿನ ಟ್ಯೂಬುಗಳನ್ನೆಲ್ಲ ಬದಿಗಿಟ್ಟರು. ಎರಡು ವರ್ಷ ಮುಗಿಯಿತು, ಪಿಎಚ್‌ಡಿಗೆ ಇವಳ ಹೆಸರು ಹೋಗಲಿಲ್ಲ. ಆಮೇಲೆ ಬಿಎಡ್, ಮದುವೆ, ಮುಳಬಾಗಿಲಿನ ಹೈಸ್ಕೂಲು, ನೀವಿಬ್ಬರು. ಮಗಳು ಟೀಚರು ಎಂದು ಜನ ಹೊಗಳಿದಾಗ ನಾನೂ ತಲೆ ಆಡಿಸಿದೆ.

ಇಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆನೋ ಏನೋ. ಹೋದ ತಿಂಗಳು ನಾವಿಬ್ಬರೂ ಕೂತು ಅವರೆಕಾಳು ಹಿತುಕುತ್ತಿದ್ದೆವು. ನಿಮ್ಮಮ್ಮ ತಲೆ ಎತ್ತದೆ ಕೇಳಿದಳು: "ಅಮ್ಮ, ನನ್ನನ್ನ ಎಲ್ಲಿಂದಾದ್ರೂ ತಂದು ಸಾಕಿದ್ರಾ? ಹೇಳಿದ್ರೆ ನಂಗೇನೂ ಬೇಜಾರಿಲ್ಲ."

ಯಾಕೆ ಹೀಗೆ ಕೇಳುತ್ತೀಯ ಎಂದೆ. ಆಗ ಗೊತ್ತಾಯಿತು: ಇವಳ ಉಗುಳಿನ ಜೊತೆ ಹೋಲಿಸಿ ನೋಡಿ, ಟ್ಯೂಬಿನವಳು ನಿನ್ನ ತಾಯಿಯಲ್ಲ ಎಂದು ಮೇಡಂ ಆಗಲೇ ಹೇಳಿದ್ದರಂತೆ. ಒಂದೋ ಟ್ಯೂಬು ತಪ್ಪಿದೆ, ಇಲ್ಲ — ಎಂದು ಅಲ್ಲಿಗೇ ನಿಲ್ಲಿಸಿದ್ದರಂತೆ. ಆ ಎರಡನೆಯದು ನನ್ನ ಕಿವಿಗೆ ಬೀಳಬಾರದೆಂದು ಅವಳು ಮೊದಲನೆಯದನ್ನು ಮೈಮೇಲೆ ಹಾಕಿಕೊಂಡಳು. ಇಷ್ಟು ವರ್ಷ ತಾನು ಯಾರ ಮಗಳೋ ಎಂದುಕೊಂಡೇ ನನಗೆ ಮಾತ್ರೆ ತಂದುಕೊಟ್ಟಳು, ಕಾಲು ಒತ್ತಿದಳು.

"ಹೋಗೇ ಹುಚ್ಚಿ, ಹೆತ್ತ ಗೆರೆ ಇನ್ನೂ ಹೊಟ್ಟೆ ಮೇಲಿದೆ" ಎಂದೆ. ಅದು ನಿಜ. ಆದರೆ ಟ್ಯೂಬಿನ ವಿಷಯ ಅವತ್ತೂ ಬಾಯಿಗೆ ಬರಲಿಲ್ಲ. "ಆಯ್ತು ಬಿಡಮ್ಮ" ಎಂದು ಮತ್ತೆ ಕಾಳು ಹಿತುಕತೊಡಗಿದಳು. ಅವಳು ನಂಬಲಿಲ್ಲ.

ಅವಳು ಹೇಳಿದ್ದು ಇನ್ನೊಂದಿದೆ. ಗಂಡ ಹೆಂಡತಿ ಇಬ್ಬರಲ್ಲೂ ಅದರ ಬೀಜ ಇದ್ದರೆ ಮಾತ್ರ ಮಗುವಿಗೆ ಆ ಕಾಯಿಲೆ ಬರುವುದಂತೆ. ನಾನೂ ನಿಮ್ಮ ತಾತನೂ ಒಂದೇ ಮನೆಯ ಬಳ್ಳಿ, ಅದು ಅತ್ತೆಯ ಮನೆಯಿಂದಲೇ ಇಬ್ಬರಿಗೂ ಬಂದಿರಬಹುದಂತೆ. ಇದು ಮೊದಲೇ ಗೊತ್ತಿದ್ದರೆ — ಬೇಡ, ಹಾಗೆ ಬರೆಯಬಾರದು. ಅದನ್ನು ತಿಳಿದುಕೊಳ್ಳಲೆಂದೇ ಅವಳು ಟ್ಯೂಬು ತಂದಿದ್ದಳು.

ಭಾನುವಾರ ಅವಳು ಬರುತ್ತಾಳೆ. ಈ ಹಾಳೆಗಳನ್ನು ಮೊದಲು ಅವಳಿಗೆ ನಾನೇ ಓದಿ ಹೇಳುತ್ತೇನೆ. ಹೊಸ ಟ್ಯೂಬು ತರಿಸು, ಈ ಸಲ ಎದುರಿಗೆ ಕೂತು ತುಂಬಿಸಿಕೋ ಎನ್ನುತ್ತೇನೆ. ಅವಳು ನನ್ನನ್ನು ಏನಂದರೂ ನೀವು ಅಡ್ಡ ಬರಬೇಡಿ.

ನಮ್ಮಿಂದ ಅವಳಿಗೆ ಬಂದಿದ್ದರೆ ಆ ಬೀಜ ನಿಮ್ಮ ಮೈಯಲ್ಲೂ ಇರಬಹುದು. ದೊಡ್ಡವರಾಗಿ ಮದುವೆಯ ಮಾತು ಬಂದಾಗ, ಅದರಲ್ಲೂ ಸಂಬಂಧದೊಳಗೇ ಎಂದು ಯಾರಾದರೂ ಎತ್ತಿದಾಗ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಅಜ್ಜಿಯ ಹಾಗೆ ಹೆದರಿ ಕೂರಬೇಡಿ. ಅದಕ್ಕಾಗಿ ಈ ಹಾಳೆಗಳನ್ನು ಮಾರ್ಕ್ಸ್ ಕಾರ್ಡ್ ಇಡುವ ಫೈಲಿನಲ್ಲೇ ಇಡಿ. ಗೌರಿಯ ಫೋಟೋವನ್ನೂ ಜೊತೆಗಿಟ್ಟಿದ್ದೇನೆ. ಎರಡನ್ನೂ ಕಳೆಯಬೇಡಿ.