ಬಾವಿಗೆ ಇಳಿಸಿದ ಸೆಕೆ

ನನ್ನ ಅತ್ತೆಗೆ ಹೆತ್ತ ಮಗನಿಗಿಂತ ಹೆಚ್ಚು ಹೆಮ್ಮೆ ಇದ್ದದ್ದು ಹಿತ್ತಲ ಬಾವಿಯ ಬಗ್ಗೆ. ಭದ್ರಾವತಿಯ ಹಳೇ ಊರಿನಲ್ಲಿ ನಾವಿದ್ದ ಬಾಡಿಗೆ ಮನೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ತಗಡು. ಮನೆಗೆ ಬಂದವರಿಗೆ ಅತ್ತೆ ಕಾಫಿಗಿಂತ ಮೊದಲು ಒಂದು ಚೊಂಬು ಬಾವಿ ನೀರು ಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ತಣ್ಣಗಾಗುತ್ತದೆ, ಚಳಿಯಲ್ಲಿ ಬೆಚ್ಚಗಾಗುತ್ತದೆ, ಕಾಲ ಬಲ್ಲ ಬಾವಿ ಇದು ಎನ್ನುವುದು ಅವರ ಮಾತು. ನಾನೂ ನಂಬಿದ್ದೆ. ದಿನವೂ ಸೇದುವವಳು ನಾನೇ ಆದ್ದರಿಂದ ಧನುರ್ಮಾಸದ ಬೆಳಗಿನಲ್ಲಿ ಕೊಡದ ಬಾಯಿಂದ ಹಬೆಯಾಡುವುದನ್ನು ಕಣ್ಣಾರೆ ಕಂಡಿದ್ದೆ.

ನಮ್ಮ ಯಜಮಾನರು ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದರು. ಅವರ ಗೆಳೆಯರೊಬ್ಬರು ಶಿವಮೊಗ್ಗದ ಸವಳಂಗ ರಸ್ತೆಯವರು, ಐಸ್ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್. ಮನೆಯವರೆಲ್ಲ ಅವರನ್ನು ಭಾಯಿ ಎಂದೇ ಕರೆಯುತ್ತಿದ್ದೆವು. ಒಂದು ಧನುರ್ಮಾಸದಲ್ಲಿ ಭಾಯಿ ಬಂದಾಗ ಅತ್ತೆ ಚೊಂಬು ಕೈಗಿಟ್ಟು ಬಾವಿಯ ಪುರಾಣ ತೆಗೆದರು. ಬೇರೆಯವರಾಗಿದ್ದರೆ ತಲೆದೂಗಿ ಸುಮ್ಮನಾಗುತ್ತಿದ್ದರು. ಭಾಯಿ ತಮ್ಮ ಚೀಲದಿಂದ ಉದ್ದನೆಯ ಥರ್ಮಾಮೀಟರ್ ತೆಗೆದು ನಾನು ಆಗಷ್ಟೇ ಸೇದಿಟ್ಟ ಕೊಡದೊಳಗೆ ಅದ್ದಿದರು. ಪಾದರಸ ನಿಂತ ಕಡೆ ಗಾಜಿಗೆ ಒಂದು ಕೆಂಪು ದಾರ ಬಿಗಿದು, ಇದನ್ನು ಜೋಪಾನವಾಗಿಡಿ, ಬೇಸಿಗೆಯಲ್ಲಿ ಮತ್ತೆ ನೋಡೋಣ ಎಂದರು. ಅತ್ತೆ ಅದನ್ನು ದೇವರ ಗೂಡಿನಲ್ಲಿಟ್ಟು ಮರೆತರು.

ಬೇಸಿಗೆ ಬಂತು. ಯುಗಾದಿ ಕಳೆದ ಮೇಲೆ ಯಜಮಾನರಿಗೆ ಸತತವಾಗಿ ರಾತ್ರಿ ಪಾಳಿ. ಬೆಳಗ್ಗೆ ಏಳಕ್ಕೆ ಬಂದು ಸ್ನಾನ ಮಾಡಿ, ಎರಡು ರೊಟ್ಟಿ ತಿಂದು ಮಲಗುವ ಹೊತ್ತಿಗೆ ಸರಿಯಾಗಿ ತಗಡು ಕಾಯಲು ಶುರುವಾಗುತ್ತಿತ್ತು. ಹತ್ತು ಗಂಟೆಗೆ ಕೋಣೆ ಒಲೆಯಂತಾಗುತ್ತಿತ್ತು. ಹಾಸಿಗೆ ಬಿಟ್ಟು ನೆಲದ ಮೇಲೆ, ನೆಲ ಬಿಟ್ಟು ಹಿತ್ತಲಿನ ನೆರಳಿಗೆ, ಅಲ್ಲಿಂದ ನೊಣದ ಕಾಟಕ್ಕೆ ಮತ್ತೆ ಒಳಗೆ, ಹೀಗೆ ಹಗಲಿಡೀ ಹೊರಳಾಡಿ ಸಂಜೆಗೆ ಕೆಂಪು ಕಣ್ಣು ಮಾಡಿಕೊಂಡು ಏಳುತ್ತಿದ್ದರು. ಒಂದು ದಿನ ಕರಗಿದ ಕಬ್ಬಿಣ ಸುರಿಯುವ ಜಾಗದಲ್ಲೇ ತಲೆ ಸುತ್ತಿ ಬಂತಂತೆ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ತಮಿಳಿನವರೊಬ್ಬರು ಅಂಗಿಯ ಕಾಲರ್ ಹಿಡಿದೆಳೆದು ಉಳಿಸಿದರು. ವಾರ ಕಳೆಯುವುದರಲ್ಲಿ ಮತ್ತೊಮ್ಮೆ ಹಾಗೆಯೇ ಆಯಿತು.

ಡಾಕ್ಟರು ಔಷಧಿ ಬರೆಯಲಿಲ್ಲ. ಮೈಯಲ್ಲಿ ರೋಗವಿಲ್ಲ, ಇರುವುದು ನಿದ್ದೆಯ ಕೊರತೆ, ಹಗಲು ಆರೇಳು ಗಂಟೆ ಮಲಗಲೇಬೇಕು, ಆಗದಿದ್ದರೆ ಕುಲುಮೆ ಬಿಡಬೇಕು ಎಂದುಬಿಟ್ಟರು. ಕಾರ್ಖಾನೆಯ ಮೇಲಿನವರೂ ಬೇರೆ ಕೆಲಸ ಕೊಡಲು ಒಪ್ಪಿದ್ದರು. ಒಪ್ಪದವರು ಇವರು. ಕಬ್ಬಿಣ ಹದಕ್ಕೆ ಬಂದದ್ದನ್ನು ಬಣ್ಣ ನೋಡಿಯೇ ಹೇಳುವ ಕಣ್ಣು ತಮ್ಮದು ಎಂಬ ಜಂಬ. ಆ ಕಣ್ಣು ಒಂದು ಕ್ಷಣ ಮುಚ್ಚಿದರೆ ಮನೆಗೆ ತರಲು ಬೂದಿಯೂ ಸಿಗುವುದಿಲ್ಲ ಎಂದು ನಾನು ಬಾಯಿಬಿಟ್ಟು ಬೈದಿದ್ದೆ. ಬೈದು ಅಡುಗೆಮನೆಗೆ ಹೋಗಿ ಅತ್ತಿದ್ದೆ.

ಸುದ್ದಿ ತಿಳಿದು ಭಾಯಿ ಬಂದರು. ಹೊಟ್ಟು ತುಂಬಿದ ಗೋಣಿಯಲ್ಲಿ ಸುತ್ತಿ ದೊಡ್ಡದೊಂದು ಐಸ್ ಗಡ್ಡೆ ತಂದಿದ್ದರು. ಮಂಚದ ಕೆಳಗೆ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಅದು ನೀರಾಗಿ ಬಾಗಿಲು ದಾಟಿ ಹೋಗಿತ್ತು. ಭಾಯಿ ಆ ಹರಿಯುವ ನೀರನ್ನೇ ನೋಡುತ್ತಾ ಕೂತಿದ್ದವರು ಏನೋ ಹೊಳೆದಂತೆ ಎದ್ದು, ಥರ್ಮಾಮೀಟರ್ ಕೊಡಿ, ಒಂದು ಕೊಡ ನೀರು ಸೇದಿ ಎಂದರು.

ಉರಿಬಿಸಿಲು. ಸೇದಿದ ನೀರಿಗೆ ಕೈಯಿಟ್ಟರೆ ಜುಮ್ಮೆನ್ನುವ ತಂಪು. ಪಾದರಸ ದಾರಕ್ಕಿಂತ ತುಂಬ ಕೆಳಗೆ ಹೋಗಿ ನಿಲ್ಲುತ್ತದೆಂದು ಅತ್ತೆಯೂ ನಾನೂ ಬಗ್ಗಿ ನೋಡುತ್ತಿದ್ದೆವು. ಅದು ಮೆಲ್ಲಗೆ ಇಳಿದು ಬಂದು ಸರಿಯಾಗಿ ಕೆಂಪು ದಾರದ ಮೇಲೆ ನಿಂತಿತು. ಅತ್ತೆಗೆ ನಂಬಿಕೆ ಬರಲಿಲ್ಲ. ಇನ್ನೊಂದು ಕೊಡ ಸೇದಿಸಿದರು. ಆಗಲೂ ಅದೇ ದಾರ.

"ಬಾವಿ ಬದಲಾಗೋದೇ ಇಲ್ಲ ಅಮ್ಮಾ," ಎಂದರು ಭಾಯಿ. "ಬದಲಾಗೋರು ನಾವು. ಚಳೀಲಿ ನಮ್ಮ ಕೈ ತಣ್ಣಗಿರುತ್ತೆ, ಅದಕ್ಕೆ ನೀರು ಬೆಚ್ಚಗೆ ಅನ್ಸುತ್ತೆ."

ಅತ್ತೆಗೆ ಮುಖಭಂಗವಾಯಿತು. ನನಗೋ ಮೈ ಜುಂ ಎಂದಿತು. ಇಷ್ಟು ವರ್ಷ ಹಗ್ಗ ಇಳಿಸಿದ ಆ ಕತ್ತಲೆಯೊಳಗೆ ಬೇಸಿಗೆ ಎಂಬುದೇ ಇಲ್ಲ, ಚಳಿ ಎಂಬುದೇ ಇಲ್ಲ. ನಮ್ಮ ಕಾಲ ಕೆಳಗೆ ಹತ್ತಿಪ್ಪತ್ತು ಅಡಿಯಲ್ಲಿ ಒಂದೇ ಒಂದು ಋತು ಸುಮ್ಮನೆ ಕೂತಿದೆ, ಅದರ ಮೇಲೆ ನಾವು ವರ್ಷವಿಡೀ ನಡುಗುತ್ತೇವೆ, ಬೇಯುತ್ತೇವೆ. ಬಾವಿಕಟ್ಟೆಗೆ ಕೈಯೂರಿ ಒಳಗೆ ಬಗ್ಗಿ ನೋಡಿದೆ. ಅಂದಿನವರೆಗೆ ಕಾಣದಿದ್ದ ಬಾವಿಯಂತೆ ಕಂಡಿತು.

ಆಮೇಲೆ ಭಾಯಿ ಬೀಡಿ ಹಚ್ಚಿಕೊಂಡು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಐಸ್ ಫ್ಯಾಕ್ಟರಿಯಲ್ಲಿ ಯಾರೂ ಚಳಿ ತಯಾರು ಮಾಡುವುದಿಲ್ಲವಂತೆ. ನೀರಿನಲ್ಲಿರುವ ಕಾವನ್ನು ಸೇದಿ ಹೊರಗೆ ಸುರಿಯುತ್ತಾರೆ, ಉಳಿದದ್ದು ಐಸು. ಕಾವು ಕೂಡ ನೀರಿನ ಹಾಗೆಯೇ, ಬಿಸಿಯಿಂದ ತಂಪಿನ ಕಡೆಗೆ ತಾನಾಗಿ ಇಳಿಯುತ್ತದೆ, ತಾನಾಗಿ ಹತ್ತುವುದಿಲ್ಲ, ಹತ್ತಿಸಬೇಕಾದರೆ ಮೆಷಿನ್ನು ಸೇದಬೇಕು. ಸೇದುವುದು ಎಂದರೆ ನಿಮಗೆ ಗೊತ್ತಿರೋದು ಬೀಡಿ ಒಂದೇ ಅಂದುಕೊಂಡಿದ್ದೆ ಎಂದು ನಾನು ಕೆಣಕಿದೆ. ಭಾಯಿ ನಕ್ಕು, ಕೊಡ ಸೇದುವವಳಿಗೆ ಇದು ಬೇಗ ತಿಳಿಯುತ್ತದೆ ಎಂದು ಮುಂದುವರಿಸಿದರು. ಬಾವಿ ಆಳವಾದಷ್ಟೂ ತೋಳು ನೋಯುತ್ತದೆ, ಜಾಗ ತಣ್ಣಗಿದ್ದಷ್ಟೂ ಕಾವು ಆಳದಲ್ಲಿದ್ದಂತೆ. ಹಿಮ ಬೀಳುವ ದೇಶಗಳಲ್ಲಿ ಹೊರಗಿನ ಕೊರೆಯುವ ಗಾಳಿಯಿಂದ ಕಾವು ಸೇದುವುದು ಪಾತಾಳದಿಂದ ಸೇದಿದಂತೆ. ನೆಲದೊಳಗೆ ಮಾತ್ರ ಆಗಲೂ ಬೆಚ್ಚಗೇ ಇರುವುದರಿಂದ, ಅಲ್ಲಿ ಕೊಳವೆ ಹೂತು ಕಾವು ಸೇದಿ ಮನೆ ಬೆಚ್ಚಗೆ ಮಾಡುತ್ತಾರೆಂದು ಅವರು ಯಾವುದೋ ಮೆಷಿನ್ನಿನ ಪುಸ್ತಕದಲ್ಲಿ ಓದಿದ್ದರು. ಬೇಸಿಗೆ ಬಂದಾಗ ಅದೇ ಮೆಷಿನ್ನು ಉಲ್ಟಾ ಸೇದಿ ಮನೆಯ ಸೆಕೆಯನ್ನು ನೆಲಕ್ಕೆ ಸುರಿಯುತ್ತದಂತೆ.

ಅಷ್ಟೆಲ್ಲ ಕರೆಂಟು ಯಾರಪ್ಪ ಕೊಡುತ್ತಾರೆ ಎಂದು ಅತ್ತೆ ಕೇಳಿದರು.

"ಕರೆಂಟು ಬರೀ ಸೇದೋ ತೋಳಿಗೆ ಅಮ್ಮಾ. ನೀರು ಬಾವೀದೇ ತಾನೇ? ಹಂಗೇ ಕಾವು ಭೂಮೀದು. ಕರೆಂಟಲ್ಲೇ ಕಾಯಿಸ್ತೀನಿ ಅಂತ ಹೊರಟ್ರೆ, ಬಾವಿ ಪಕ್ಕ ಕೂತ್ಕೊಂಡು ನೀರು ತಯಾರು ಮಾಡಿದಂಗೆ."

ನಮಗಂತೂ ಆ ಸೇದುವ ಮೆಷಿನ್ನೂ ಬೇಕಾಗಿರಲಿಲ್ಲ. ಕೋಣೆ ಬಿಸಿ, ಬಾವಿ ತಂಪು. ದಾರಿ ಮಾಡಿಕೊಟ್ಟರೆ ಸೆಕೆ ತಾನಾಗಿ ಇಳಿದು ಹೋಗುತ್ತದೆ. ಮರುದಿನವೇ ಭಾಯಿ ಗುಜರಿಯಿಂದ ಹಳೇ ಲಾರಿಯ ರೇಡಿಯೇಟರ್ ಒಂದನ್ನು ತಂದು ಕೋಣೆಯಲ್ಲಿ ನಿಲ್ಲಿಸಿದರು. ಹಿಂದೆ ಟೇಬಲ್ ಫ್ಯಾನು. ತಗಡಿನ ಮೇಲೆ ದಪ್ಪಗೆ ಅಡಿಕೆ ಸೋಗೆ ಹೊದಿಸಿ, ಕಿಟಕಿಯ ಸಂದಿಗಳಿಗೆಲ್ಲ ಬಟ್ಟೆ ತುರುಕಿಸಿದರು. ನಾನು ಸೇದಿ ಡ್ರಮ್ಮಿಗೆ ಸುರಿದ ನೀರು ರೇಡಿಯೇಟರಿನಲ್ಲಿ ಹಾದು ಹಿತ್ತಲಿನ ಗುಂಡಿಗೆ ಹೋಗಬೇಕು. ಫ್ಯಾನಿನ ಗಾಳಿ ನಿಜಕ್ಕೂ ತಣ್ಣಗೆ ಬಂತು. ಯಜಮಾನರು ಎರಡು ಗಂಟೆ ಮಲಗಿದರು. ಅಷ್ಟು ಹೊತ್ತಿಗೆ ನನ್ನ ಅಂಗೈ ಬೊಬ್ಬೆ ಎದ್ದಿತ್ತು. ಮೂರನೆಯ ದಿನ ಕೊಡದಲ್ಲಿ ಕೆಸರು ಬಂತು. ಪಕ್ಕದ ಎರಡು ಮನೆಯವರೂ ಅದೇ ಬಾವಿಯವರು, ಗೊಣಗಲು ಶುರು ಮಾಡಿದರು.

ಭಾಯಿ ಸುಲಭದ ದಾರಿ ಹೇಳಿದರು. ರೇಡಿಯೇಟರಿಂದ ಹೊರಬಂದ ನೀರನ್ನು ಗುಂಡಿಗೆ ಬಿಡುವ ಬದಲು ಬಾವಿಗೇ ವಾಪಸ್ ಬಿಟ್ಟರಾಯಿತು, ಬತ್ತುವುದಿಲ್ಲ. ಅತ್ತೆ ಬಾವಿಕಟ್ಟೆಗೆ ಅಡ್ಡ ನಿಂತುಬಿಟ್ಟರು.

"ಸೇದಿದ್ ನೀರು ತಿರುಗಿ ಬಾವಿಗೆ ಸುರಿಯೋದಾ? ಕುಡಿಯೋ ನೀರು ಮಾರಾಯ ಅದು. ನನ್ ಕಾಲದಲ್ಲಿ ಒಂದ್ ಚೊಂಬೂ ಹಾಗೆ ಸುರಿದಿಲ್ಲ, ಸುರಿಯೋಕೂ ಬಿಡಲ್ಲ."

ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ಕಟ್ಟಳೆ. ಕೊಡದಲ್ಲಿ ನೀರು ಹೆಚ್ಚಾದರೆ ಗಿಡಕ್ಕೆ ಹಾಕುತ್ತೇವೆ, ಬಾವಿಗೆ ಹಾಕುವುದಿಲ್ಲ. ಆದರೂ ಆ ದಿನ ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗನ ಜೀವ ಕುಲುಮೆಯ ಬಾಯಲ್ಲಿದೆ, ಇವರಿಗೆ ಬಾವಿಯ ಮಡಿ. ಹಾಗಂತ ಮುಖಕ್ಕೇ ಅಂದುಬಿಟ್ಟೆ. ಅತ್ತೆ ಜಾಗ ಬಿಡಲಿಲ್ಲ.

ನಮ್ಮಿಬ್ಬರ ಜಗಳ ನಡೆಯುತ್ತಿರುವಾಗ ಭಾಯಿ ನೆಲದ ಮೇಲೆ ಕಡ್ಡಿಯಿಂದ ಏನೋ ಗೀಚುತ್ತಿದ್ದರು. ಕೊನೆಗೆ ತಲೆಯೆತ್ತಿ ಅಮ್ಮ ಹೇಳಿದ್ದೇ ಸರಿ ಎಂದರು. ಬಾವಿಯ ನೀರನ್ನು ಮುಟ್ಟುವುದೇ ಬೇಡ. ಇನ್ನೊಂದು ರೇಡಿಯೇಟರನ್ನು ಬಾವಿಯೊಳಗೆ ಮುಳುಗಿಸೋಣ, ಕೋಣೆಯದಕ್ಕೂ ಅದಕ್ಕೂ ಎರಡು ಕೊಳವೆ ಸೇರಿಸಿ ಒಳಗೆ ಒಂದು ಸಲ ನೀರು ತುಂಬಿ ಮುಚ್ಚಿಬಿಡೋಣ. ಆ ನೀರೇ ಸುತ್ತುತ್ತಿರಲಿ. ಬಾವಿಗೆ ಇಳಿಯುವುದು ಸೆಕೆ ಮಾತ್ರ, ಒಂದು ಹನಿಯೂ ಅಲ್ಲ. ಇಷ್ಟು ಆಳದಿಂದ ನೀರೆತ್ತಲು ದೊಡ್ಡ ಪಂಪು ಬೇಡವೇ ಎಂದು ನಾನು ಕೇಳಿದೆ. ರಾಟೆಗೆ ಎರಡು ಕೊಡ ಕಟ್ಟಿದರೆ ಇಳಿಯುವ ಕೊಡವೇ ಹತ್ತುವ ಕೊಡವನ್ನು ಎಳೆಯುವುದಿಲ್ಲವೇ ಎಂದು ಭಾಯಿ ತಿರುಗಿ ಕೇಳಿದರು. ಚಿಕ್ಕ ಮೋಟಾರು ಸಾಕಂತೆ. ಅತ್ತೆ ಆ ಲಾರಿ ಸಾಮಾನು ಯಾವ ಲೋಹದ್ದು ಎಂದು ವಿಚಾರಿಸಿದರು. ತಾಮ್ರ, ಹಿತ್ತಾಳೆ ಎಂದರು ಭಾಯಿ. ಅತ್ತೆಯ ಮುಖ ಸಡಿಲವಾಯಿತು. ತಾಮ್ರವಾದರೆ ದೇವರ ಪಾತ್ರೆಗೆ ಸಮ.

ಅತ್ತೆ ತಾವೇ ಕೂತು ಹುಣಸೆಹಣ್ಣು, ಬೂದಿ ಹಚ್ಚಿ ಇಡೀ ಮಧ್ಯಾಹ್ನ ಅದನ್ನು ಉಜ್ಜಿದರು. ಎಷ್ಟು ಲಾರಿಗಳ ಮಸಿ ಹೋಯಿತೋ, ರೇಡಿಯೇಟರ್ ಮದುವೆಮನೆಯ ಹಂಡೆಯಂತೆ ಹೊಳೆಯಿತು. ಭಾಯಿ ಬೆಸುಗೆ ಹಾಕಿ ಎಲ್ಲೂ ಸೋರುವುದಿಲ್ಲವೆಂದು ಮೂರು ಸಲ ಪರೀಕ್ಷಿಸಿದರು. ಅತ್ತೆ ಅರಿಶಿನ ಕುಂಕುಮ ಹಚ್ಚಿದರು, ಭಾಯಿ ಬಿಸ್ಮಿಲ್ಲಾ ಎಂದು ಹಗ್ಗ ಸಡಿಲಿಸಿದರು, ಅದು ನೀರಿನೊಳಗೆ ಮುಳುಗಿತು.

ಮರುದಿನ ಬೆಳಗ್ಗೆ ಎಂಟಕ್ಕೆ ಯಜಮಾನರು ಮಲಗಿದರು. ಹತ್ತಾಯಿತು, ಎದ್ದು ಬರಲಿಲ್ಲ. ಹನ್ನೆರಡಾಯಿತು. ಅತ್ತೆ ಸೌಟು ಕೂಡ ಸದ್ದಾಗದಂತೆ ಇಟ್ಟರು. ನಾನು ಬಾಗಿಲ ಸಂದಿಯಿಂದ ಇಣುಕಿದರೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಯಷ್ಟು ಚೆಂದದ ಸಂಗೀತವನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಹತ್ತಿರ ಎರಡು ಕೊಳವೆಗಳನ್ನೂ ಒಂದೊಂದು ಕೈಯಲ್ಲಿ ಹಿಡಿದೆ. ಮೇಲೆ ಬರುವುದು ತಣ್ಣಗಿತ್ತು. ಕೆಳಗೆ ಹೋಗುವುದು ಉಗುರುಬೆಚ್ಚಗಿತ್ತು. ತಗಡಿನಿಂದ ಇಳಿದ ಬಿಸಿಲು, ಅವರ ಮೈಯ ಕಾವು, ಎಲ್ಲವೂ ನನ್ನ ಎಡಗೈಯ ಮುಷ್ಟಿಯೊಳಗೆ ಹಾದು ಭೂಮಿಗೆ ಇಳಿಯುತ್ತಿತ್ತು. ಭೂಮಿ ಒಂದು ಮಾತೂ ಆಡದೆ ಅಷ್ಟನ್ನೂ ತೆಗೆದುಕೊಳ್ಳುತ್ತಿತ್ತು. ಕೈ ಬಿಡಲು ಮನಸ್ಸಾಗದೆ ಅಲ್ಲೇ ನಿಂತಿದ್ದೆ.

ನಾಲ್ಕು ಗಂಟೆಗೆ ಎದ್ದು ಬಂದರು. ಮಳೆ ಬಂದಿತ್ತಾ ಎಂದು ಕೇಳಿದರು. ಇಲ್ಲ ಎಂದೆ. ಕಣ್ಣು ಬೆಳ್ಳಗಾಗಿತ್ತು. ಹೊಸಿಲ ಮೇಲೆ ಕೂತು, ನನ್ನ ಕಡೆ ನೋಡದೆ ಹೇಳಿದರು.

"ತಲೆ ಸುತ್ತಿದ್ದು ಎರಡೇ ಸಲ ಅಲ್ಲ ಕಣೆ. ದಿನಾ ಸುತ್ತುತ್ತಿತ್ತು. ಹೋಗೋವಾಗ ಗೇಟಲ್ಲಿ ನಿಂತು ನಿನ್ನ ನೋಡ್ತಿದ್ದೆನಲ್ಲ, ಇದೇ ಕೊನೆ ಇರ್ಬೇಕು ಅಂತ ನೋಡ್ತಿದ್ದೆ."

ಆ ಒಂದು ತಿಂಗಳು ಅವರು ಪ್ರತಿದಿನ ಗೇಟಿನಲ್ಲಿ ನಿಂತು ತಿರುಗಿ ನೋಡುತ್ತಿದ್ದದ್ದು ನಿಜ. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ಇದೇನು ಹೊಸ ಪ್ರೀತಿ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. 

ಆ ದಿನ ಊಟ ಮುಗಿಸಿ, ಬುತ್ತಿಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟರು. ಬಾಗಿಲಲ್ಲಿ ಅತ್ತೆಯೂ ನಾನೂ ನಿಂತಿದ್ದೆವು. ಅವರು ಗೇಟು ದಾಟಿ ಸೈಕಲ್ ಹತ್ತಿದರು, ತಿರುಗಿ ನೋಡದೆ ಹೋದರು.